ಸಾಕ್ಷಿ ಸಮನ್ಸ್ ಬಂದರೆ: ಮನೆ ಬಾಗಿಲಿನಿಂದ ಸಾಕ್ಷಿ ಕಟಕಟೆಯವರೆಗೆ

ಠಾಣೆಯ ಪೊಲೀಸರೊಬ್ಬರು ಮನೆಗೆ ಬಂದು ಒಂದು ಹಾಳೆ ಕೊಟ್ಟು, ಅದರದೇ ಇನ್ನೊಂದು ಪ್ರತಿಯ ಬೆನ್ನಿಗೆ ಸಹಿ ಹಾಕಿಸಿಕೊಂಡು ಹೋದ ಮೇಲೆ ಮನೆಮಂದಿಯೆಲ್ಲ ಕೇಳುವ ಮೊದಲ ಪ್ರಶ್ನೆ, 'ನಮ್ಮ ಮೇಲೆ ಕೇಸಾಗಿದೆಯಾ?' ಹಾಳೆಯಲ್ಲಿ ಸಾಕ್ಷಿಗೆ ಸಮನ್ಸ್ ಎಂದಿದ್ದರೆ ಕೇಸು ನಿಮ್ಮ ಮೇಲಿಲ್ಲ. ನೀವು ಕಂಡದ್ದು, ಕೇಳಿದ್ದು ಅಥವಾ ಸಹಿ ಹಾಕಿದ ಮಹಜರು (ಪೊಲೀಸರು ಬರೆದ ಪಂಚನಾಮೆ) ಒಂದು ಪ್ರಕರಣದಲ್ಲಿ ಬೇಕಾಗಿದೆ, ಬಂದು ನ್ಯಾಯಾಧೀಶರ ಮುಂದೆ ಹೇಳಿ ಎಂದಷ್ಟೇ ಅದರರ್ಥ.

ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಿಗೆ ಕ್ರಿಮಿನಲ್ ಪ್ರಕರಣದ ಸಾಕ್ಷಿಯಾಗಿ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇವೆ. ಸಿವಿಲ್ ದಾವೆಯ ವ್ಯತ್ಯಾಸಗಳು ಕೊನೆಯಲ್ಲಿವೆ. ಉದ್ದಕ್ಕೂ ಒಂದು ಮಾತು ನೆನಪಿರಲಿ: ನಿಮ್ಮ ಮಾತು ಟೈಪಾಗಿ ಹಾಳೆಗೆ ಇಳಿದ ರೂಪವೇ ಸಾಕ್ಷ್ಯ. ನಾಳೆ ಪ್ರಕರಣ ಮೇಲ್ಮನವಿಗೆ ಹೋದರೆ ಹೈಕೋರ್ಟಿನ ನ್ಯಾಯಮೂರ್ತಿಗಳು ನಿಮ್ಮ ಮುಖ ನೋಡಿರುವುದಿಲ್ಲ, ದನಿ ಕೇಳಿರುವುದಿಲ್ಲ. ಅವರ ಮುಂದಿರುವುದು ಆ ನಾಲ್ಕಾರು ಹಾಳೆ. ನಿಜ ಹೇಳಿಯೂ ಸೋತು ಬರುವ ಸಾಕ್ಷಿಗಳು ಸೋಲುವುದು ಹೆಚ್ಚಾಗಿ ಇಲ್ಲೇ, ಬಾಯಿಂದ ಬಂದದ್ದಕ್ಕೂ ಹಾಳೆಯಲ್ಲಿ ಕೂತದ್ದಕ್ಕೂ ನಡುವೆ.

ಕಾನೂನಿನ ಹೆಸರುಗಳ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿವೆ. ಆ ದಿನಕ್ಕೆ ಮುಂಚೆಯೇ ವಿಚಾರಣೆಯಲ್ಲಿದ್ದ ಪ್ರಕರಣಗಳು ಹಳೆಯ ಕಾನೂನಿನಲ್ಲೇ ಮುಂದುವರಿಯುತ್ತವೆ. ಮುಂದೆ ಬರೀ ಕಲಂ ಎಂದಿರುವಲ್ಲಿ ಅದು ನಾಗರಿಕ ಸುರಕ್ಷಾ ಸಂಹಿತೆಯದು. ವಕೀಲರ ಬಾಯಲ್ಲಿ ಹಳೆಯ ಕಲಂ 161 ಎಂದು ಬಂದರೆ ಅದೇ ಈಗಿನ 180, 164 ಎಂದರೆ ಈಗಿನ 183. ಸಾಕ್ಷಿ ಹೇಳುವ ವಿಧಾನವಂತೂ ಬಹುಮಟ್ಟಿಗೆ ಮೊದಲಿನಂತೆಯೇ ಇದೆ.

ಠಾಣೆಯಲ್ಲಿ ಕೊಟ್ಟ ಹೇಳಿಕೆ

ಸಾಕ್ಷಿಯ ಕೆಲಸ ಶುರುವಾಗುವುದು ಕೋರ್ಟಿನಲ್ಲಲ್ಲ, ತನಿಖೆಯ ಹೊತ್ತಿನಲ್ಲಿ. ಪೊಲೀಸರು ಕಲಂ 180ರ ಅಡಿ ನಿಮ್ಮನ್ನು ವಿಚಾರಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ. ಆ ಹೇಳಿಕೆಗೆ ನಿಮ್ಮ ಸಹಿ ಪಡೆಯುವಂತಿಲ್ಲ, ಹಾಗೆಂದು ಕಲಂ 181 ಸ್ಪಷ್ಟವಾಗಿ ಹೇಳುತ್ತದೆ. ಮಹಜರಿಗೆ, ದೂರಿಗೆ ಸಹಿ ಬೇಕು. ಸಾಕ್ಷಿಯ ಹೇಳಿಕೆಗೆ ಬೇಡ. 15 ವರ್ಷದೊಳಗಿನವರು, 60 ದಾಟಿದವರು, ಹೆಂಗಸರು, ಅಂಗವಿಕಲರು, ತೀವ್ರ ಕಾಯಿಲೆಯಲ್ಲಿರುವವರು ಸಾಕ್ಷಿಯೆಂಬ ಕಾರಣಕ್ಕೆ ಠಾಣೆಗೆ ಹೋಗಬೇಕಾಗಿಲ್ಲ. ಅವರಿರುವ ಮನೆಗೇ ಪೊಲೀಸರು ಬಂದು ಕೇಳಬೇಕು. ತಾವಾಗಿ ಹೋಗಲು ಒಪ್ಪಿದರೆ ಹೋಗಬಹುದು.

ಈ ಹಂತದಲ್ಲಿ ಆಗುವ ತಪ್ಪಿಗೆ ಮೂರು ವರ್ಷದ ನಂತರ ಬೆಲೆ ತೆರಬೇಕಾಗುತ್ತದೆ. 'ಕೆಂಪು ಅಂಗಿಯವನು ಮಚ್ಚಿನಿಂದ ಹೊಡೆದ' ಎಂದು ನೀವು ಹೇಳಿರುತ್ತೀರಿ, 'ಆರೋಪಿಗಳೆಲ್ಲ ಸೇರಿ ಹಲ್ಲೆ ಮಾಡಿದರು' ಎಂದು ಬರೆದುಕೊಂಡಿರುತ್ತಾರೆ. ಹಾಗಾಗಿ ಯಾರು, ಎಲ್ಲಿ ನಿಂತು, ಯಾವ ಕೈಯಲ್ಲಿ, ಯಾವುದರಿಂದ, ಎಷ್ಟು ಹೊತ್ತಿಗೆ ಎಂಬುದನ್ನು ಬಿಡಿಬಿಡಿಯಾಗಿ ಹೇಳಿ, ಬರೆದದ್ದನ್ನು ಓದಿ ಹೇಳುವಂತೆ ಕೇಳಿ. ಮ್ಯಾಜಿಸ್ಟ್ರೇಟರ ಮುಂದೆ ಕಲಂ 183ರ ಹೇಳಿಕೆ ಕೊಟ್ಟಿದ್ದರೆ ಅದರ ತೂಕವೇ ಬೇರೆ. ಅದು ಸಾಮಾನ್ಯವಾಗಿ ಪ್ರಮಾಣ ಮಾಡಿ ಹೇಳಿದ್ದು, ಮುಂದೆ ಅದಕ್ಕೆ ತದ್ವಿರುದ್ಧವಾಗಿ ಹೇಳಿದರೆ ಸುಳ್ಳು ಸಾಕ್ಷ್ಯದ ಪ್ರಶ್ನೆ ಏಳುತ್ತದೆ.

ರಸ್ತೆ ಅಪಘಾತದಲ್ಲಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಸಾಕ್ಷಿಯಾಗಲೇಬೇಕೆಂಬ ಬಲವಂತವಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 134ಎ ಮತ್ತು 2020ರ ನಿಯಮಗಳು ಅಂಥವರಿಗೆ ರಕ್ಷಣೆ ಕೊಟ್ಟಿವೆ. ಹೆಸರು, ವಿಳಾಸ ಕೊಡಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಸಮನ್ಸ್ ಓದುವ ಬಗೆ

ಹಾಳೆಯಲ್ಲಿ ಐದು ಸಂಗತಿ ಹುಡುಕಿ: ನ್ಯಾಯಾಲಯದ ಪೂರ್ತಿ ಹೆಸರು, ಪ್ರಕರಣದ ಸಂಖ್ಯೆ, ಆರೋಪಿಯ ಹೆಸರು, ಹಾಜರಾಗಬೇಕಾದ ದಿನಾಂಕ, ನಿಮ್ಮ ಸಾಕ್ಷಿ ಸಂಖ್ಯೆ. ಪ್ರಕರಣದ ಸಂಖ್ಯೆಯ ಮುಂದೆ ಸಿ.ಸಿ. ಎಂದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಎಸ್.ಸಿ. ಎಂದಿದ್ದರೆ ಸೆಷನ್ಸ್ ನ್ಯಾಯಾಲಯ. 'ಚಾ.ಸಾ. 7' ಎಂದಿದ್ದರೆ ದೋಷಾರೋಪಣ ಪಟ್ಟಿಯಲ್ಲಿ ನೀವು ಏಳನೇ ಸಾಕ್ಷಿ. ಜಿಲ್ಲಾ ಕೇಂದ್ರದ ಒಂದೇ ಸಂಕೀರ್ಣದಲ್ಲಿ ಹತ್ತಾರು ನ್ಯಾಯಾಲಯಗಳಿರುತ್ತವೆ. '2ನೇ ಅಪರ', '4ನೇ ಅಪರ' ಎಂಬ ಒಂದಂಕಿಯ ವ್ಯತ್ಯಾಸ ಗಮನಿಸದೆ ತಪ್ಪು ಹಾಲಿನ ಮುಂದೆ ಮಧ್ಯಾಹ್ನದವರೆಗೆ ಕೂತು, ಅತ್ತ ಗೈರುಹಾಜರಿ ಬರೆಸಿಕೊಂಡವರಿದ್ದಾರೆ. ಹಾಳೆಯ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ.

ನೀವು ಮನೆಯಲ್ಲಿಲ್ಲದಿದ್ದರೆ ಜೊತೆಗಿರುವ ವಯಸ್ಕ ಕುಟುಂಬದವರಿಗೆ, ಹೆಂಗಸರಾಗಲಿ ಗಂಡಸರಾಗಲಿ, ಸಮನ್ಸ್ ಕೊಡಬಹುದು. ಅದೂ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗಕ್ಕೆ ಅಂಟಿಸಿ ಹೋಗಬಹುದು. ಬಾಗಿಲು ತೆಗೆಯದೆ ಒಳಗೆ ಕೂತರೆ ಸಮನ್ಸ್ ತಪ್ಪುವುದಿಲ್ಲ.

ಈಗ ಮೊಬೈಲಿಗೂ ಸಮನ್ಸ್ ಬರುತ್ತದೆ. ಅದರಲ್ಲಿ ನ್ಯಾಯಾಲಯದ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿ ಇರಬೇಕು. ಇದರ ಹೆಸರಿನಲ್ಲಿ ಮೋಸವೂ ನಡೆಯುತ್ತಿದೆ. ಯಾವ ನ್ಯಾಯಾಲಯವೂ ಸಾಕ್ಷಿಗೆ ವಿಡಿಯೊ ಕರೆ ಮಾಡಿ ಹಣ ಕಟ್ಟು ಎನ್ನುವುದಿಲ್ಲ, ಓಟಿಪಿ ಕೇಳುವುದಿಲ್ಲ. ಅನುಮಾನವಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಅಥವಾ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಿ. ಪ್ರಕರಣ ಇದೆಯೇ, ಮುಂದಿನ ದಿನಾಂಕ ಅದೇ ಹೌದೇ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೋಗದಿದ್ದರೆ? ಮೊದಲು ಜಾಮೀನು ಸಹಿತ ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್ ಹೊರಡುವುದು ರೂಢಿ. ಸಕಾರಣವಿಲ್ಲದೆ ಗೈರಾದ ಸಾಕ್ಷಿಗೆ ಅದೇ ನ್ಯಾಯಾಲಯ ಕಲಂ 389ರಲ್ಲಿ 500 ರೂಪಾಯಿವರೆಗೆ ದಂಡ ಹಾಕಬಹುದು. ನ್ಯಾಯ ಸಂಹಿತೆಯ ಕಲಂ 208ರಲ್ಲಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಿಜವಾಗಿ ಹೋಗಲಾಗದ ಸಂದರ್ಭವಿದ್ದರೆ ಸುಮ್ಮನಿರಬೇಡಿ. ಸಮನ್ಸ್ ತಂದ ಪೊಲೀಸರಿಗೆ ಫೋನಿನಲ್ಲಿ ಹೇಳಿದರೆ ಸಾಲದು, ಅದು ಕಡತಕ್ಕೆ ಹೋಗುವುದಿಲ್ಲ. ಬಿಳಿ ಹಾಳೆಯಲ್ಲಿ ಪ್ರಕರಣದ ಸಂಖ್ಯೆ, ಸಾಕ್ಷಿ ಸಂಖ್ಯೆ, ಕಾರಣ, ಮತ್ತೆ ಯಾವಾಗ ಬರಬಲ್ಲಿರಿ, ಫೋನ್ ನಂಬರು ಬರೆದು, ವೈದ್ಯರ ಪ್ರಮಾಣಪತ್ರವೋ ಪರೀಕ್ಷೆಯ ಪ್ರವೇಶಪತ್ರವೋ ಲಗತ್ತಿಸಿ, ಆ ನ್ಯಾಯಾಲಯದ ಸಹಾಯಕ ಸರ್ಕಾರಿ ಅಭಿಯೋಜಕರ (ಎಪಿಪಿ, ಅಂದರೆ ಸರ್ಕಾರಿ ವಕೀಲರ) ಕಚೇರಿಗೆ ಮುಂಚಿತವಾಗಿ ತಲುಪಿಸಿ. ಸೆಷನ್ಸ್ ನ್ಯಾಯಾಲಯವಾದರೆ ಸರ್ಕಾರಿ ಅಭಿಯೋಜಕರು, ಅಂದರೆ ಪಿಪಿ.

ಹೋಗುವ ಮುನ್ನ

ಒಂದು ಸಂಜೆ ಒಬ್ಬರೇ ಕೂತು ಘಟನೆಯನ್ನು ನೆನಪಿಸಿಕೊಳ್ಳಿ. ಜಾಗದ ಒಂದು ಕಚ್ಚಾ ನಕ್ಷೆ ಗೀಚಿ: ನೀವು ಎಲ್ಲಿದ್ದಿರಿ, ಅವರು ಎಲ್ಲಿದ್ದರು, ನಡುವೆ ಗೋಡೆಯೋ ಮರವೋ ಇತ್ತೇ, ರಾತ್ರಿಯಾದರೆ ಬೆಳಕು ಎಲ್ಲಿಂದ ಬರುತ್ತಿತ್ತು. ನೆನಪಿಲ್ಲದ ಭಾಗವನ್ನು ಖಾಲಿ ಬಿಡಿ. ಆ ಖಾಲಿಯನ್ನು ಇತರ ಸಾಕ್ಷಿಗಳ ಜೊತೆ ಮಾತಾಡಿ ತುಂಬಿಕೊಳ್ಳುವುದು ದೊಡ್ಡ ತಪ್ಪು. ನಾಲ್ಕು ಜನ ಒಂದೇ ಪದದಲ್ಲಿ ಒಂದೇ ಕತೆ ಹೇಳಿದರೆ ನ್ಯಾಯಾಧೀಶರಿಗೆ ಬರುವುದು ಅನುಮಾನವೇ. ಕಣ್ಣಾರೆ ಕಂಡವರ ಮಾತುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆಂದು ನ್ಯಾಯಾಲಯಗಳಿಗೆ ಗೊತ್ತು.

ಅಭಿಯೋಜಕರನ್ನು ಭೇಟಿಯಾಗುವುದು ತಪ್ಪಲ್ಲ. ಯಾವ ವಿಷಯದ ಮೇಲೆ ಕೇಳುತ್ತಾರೆ, ಯಾವ ದಾಖಲೆ ತೋರಿಸುತ್ತಾರೆ ಎಂದು ವಿಚಾರಿಸಬಹುದು. ಪಾಟೀಸವಾಲಿನಲ್ಲಿ (ಆರೋಪಿಯ ವಕೀಲರು ಪ್ರಶ್ನಿಸುವಾಗ) 'ಸರ್ಕಾರಿ ವಕೀಲರ ಜೊತೆ ಮಾತಾಡಿದಿರಾ?' ಎಂದರೆ ಅಂಜದೆ 'ಮಾತಾಡಿದೆ' ಎನ್ನಿ. ಆದರೆ ಹೀಗೆ ಹೇಳು, ಹಾಗೆ ಹೇಳು ಎಂದು ಪಾಠ ಮಾಡಿಸಿಕೊಳ್ಳಲು ಠಾಣೆಗೆ ಹೋಗಬೇಡಿ. ತಮಿಳುನಾಡಿನ ಒಂದು ಕೊಲೆ ಪ್ರಕರಣದಲ್ಲಿ ಸಾಕ್ಷಿಗಳನ್ನು ಹಿಂದಿನ ದಿನ ಠಾಣೆಗೆ ಕರೆಸಿ ಹೇಳಿಕೊಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದು, 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟುವಾಗಿ ಖಂಡಿಸಿತು, ಆ ಸಾಕ್ಷ್ಯವನ್ನು ನೆಚ್ಚಲಿಲ್ಲ. ಹೇಳಿಕೊಟ್ಟದ್ದರಲ್ಲಿ ಎಷ್ಟೇ ನಿಜವಿದ್ದರೂ ಹೇಳಿಕೊಟ್ಟದ್ದೆಂಬ ಕಾರಣಕ್ಕೇ ಅದು ಕೆಡುತ್ತದೆ.

ಒಯ್ಯಬೇಕಾದ್ದು: ಸಮನ್ಸ್, ಆಧಾರ್ ಅಥವಾ ಮತದಾರರ ಚೀಟಿ, ನೀರು, ಹೊತ್ತಿಗೆ ತೆಗೆದುಕೊಳ್ಳುವ ಮಾತ್ರೆ, ಬಸ್ಸಿನ ಟಿಕೆಟು. ಓದುವ ಕನ್ನಡಕವನ್ನಂತೂ ಮರೆಯಲೇಬೇಡಿ. ಹಳೆಯ ಮಹಜರು ಕೈಗೆ ಕೊಟ್ಟು 'ಇದು ನಿಮ್ಮ ಸಹಿಯೇ?' ಎಂದಾಗ ಕಣ್ಣು ಕಿರಿದು ಮಾಡಿ 'ಇರಬಹುದು' ಎಂದರೆ ಹಾಳೆಯಲ್ಲೂ ಅಷ್ಟೇ ಬರುತ್ತದೆ. ಘಟನೆಯ ವಿಡಿಯೊ ನಿಮ್ಮ ಮೊಬೈಲಿನಲ್ಲಿದ್ದರೆ ಮೂಲವನ್ನು ಅಳಿಸಬೇಡಿ, ಫೋನ್ ಮಾರಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಮೂಲದ ಜಾಗ ತುಂಬುವುದಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಅದರ ಪ್ರತಿಯ ಜೊತೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ಭಾಗ ಒದಗಿಸುವವರದು, ಇನ್ನೊಂದು ತಜ್ಞರದು. ಈ ಮಾತನ್ನು ತನಿಖಾಧಿಕಾರಿಗೆ ಮೊದಲೇ ನೆನಪಿಸಿ.

ಆ ದಿನ ಕೋರ್ಟಿನಲ್ಲಿ

ಕಲಾಪ ಸಾಮಾನ್ಯವಾಗಿ 11ಕ್ಕೆ ಶುರು. ಹತ್ತೂವರೆಗೆ ಅಲ್ಲಿರಿ. ಹಾಲಿನ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಪ್ರಕರಣದ ಸಂಖ್ಯೆ ಇದೆಯೇ ನೋಡಿ, ಆ ಠಾಣೆಯ ಕೋರ್ಟ್ ಪೊಲೀಸ್ ಯಾರೆಂದು ಕೇಳಿ ಸಮನ್ಸ್ ತೋರಿಸಿ, ಎಪಿಪಿ ಕಚೇರಿಯಲ್ಲಿ ಬಂದಿರುವುದಾಗಿ ತಿಳಿಸಿ. ಆಮೇಲೆ ಕಿವಿ ದಲಾಯತನ ಕೂಗಿನ ಕಡೆ ಇರಲಿ. ಹೆಸರು ಕೂಗಿದಾಗ ಕ್ಯಾಂಟೀನಿನಲ್ಲಿದ್ದರೆ ಗೈರುಹಾಜರಿ ಬೀಳಬಹುದು. ಹೊರಗೆ ಹೋಗಲೇಬೇಕಾದರೆ ಕೋರ್ಟ್ ಪೊಲೀಸರಿಗೆ ಹೇಳಿ ಹೋಗಿ. ಅದೇ ಪ್ರಕರಣದ ಇನ್ನೊಬ್ಬ ಸಾಕ್ಷಿ ಹೇಳುತ್ತಿರುವಾಗ ನೀವು ಹಾಲಿನೊಳಗೆ ಕೂರಬಾರದು, ಗೊತ್ತಿಲ್ಲದೆ ಕೂತಿದ್ದರೆ ಎದ್ದು ಹೊರಬನ್ನಿ. ಮೊಬೈಲ್ ಪೂರ್ತಿ ಆಫ್ ಮಾಡಿ.

ಕಾಯುವ ಹೊತ್ತಿನಲ್ಲೇ ಯಾರೋ ಪಕ್ಕಕ್ಕೆ ಬಂದು, 'ಅವರವರೊಳಗೆ ರಾಜಿ ಆಗಿದೆ, ನೀವು ಗೊತ್ತಿಲ್ಲ ಅಂದ್ಬಿಡಿ ಅಣ್ಣ' ಎನ್ನುವುದುಂಟು. ರಾಜಿಗೆ ಅವಕಾಶವಿರುವ ಅಪರಾಧವಾದರೆ ಕಲಂ 359ರಂತೆ ಇಬ್ಬರೂ ನ್ಯಾಯಾಲಯದ ಮುಂದೆಯೇ ರಾಜಿ ದಾಖಲಿಸಬೇಕು, ಆಗ ನಿಮ್ಮ ಸಾಕ್ಷ್ಯವೇ ಬೇಕಾಗುವುದಿಲ್ಲ. ನಿಮ್ಮನ್ನು ಕಟಕಟೆಗೆ ಕರೆದಿದ್ದಾರೆ ಎಂದರೆ ರಾಜಿ ದಾಖಲಾಗಿಲ್ಲ ಎಂದೇ ಅರ್ಥ. ಬೇರೆಯವರ ರಾಜಿಗಾಗಿ ನೀವು ಪ್ರಮಾಣ ಮಾಡಿ ಸುಳ್ಳು ಹೇಳುವ ಅಗತ್ಯ ಯಾವತ್ತೂ ಇಲ್ಲ.

ಸಾಕ್ಷಿ ಹಾಜರಿರುವಾಗ ವಿಶೇಷ ಕಾರಣ ಬರೆಯದೆ ವಿಚಾರಣೆ ಮುಂದೂಡುವಂತಿಲ್ಲ ಎಂದು ಕಲಂ 346 ಹೇಳುತ್ತದೆ. ಆದರೂ ಸಂಜೆಯವರೆಗೆ ಕೂತು ವಾಪಸಾಗುವ ದಿನಗಳಿವೆ, ಇದು ಸಾಕ್ಷಿಗಳಿಗೆ ಆಗುತ್ತಿರುವ ನಿಜವಾದ ಅನ್ಯಾಯ. ದೂರದಿಂದ ಬಂದಿದ್ದರೆ, ದಿನಗೂಲಿ ಬಿಟ್ಟು ಬಂದಿದ್ದರೆ, ವಯಸ್ಸಾಗಿದ್ದರೆ ಅದನ್ನು ಅಭಿಯೋಜಕರ ಮೂಲಕ, ಇಲ್ಲವೇ ಕೂಗಿದಾಗ ನೇರವಾಗಿ ನ್ಯಾಯಾಧೀಶರಿಗೆ ವಿನಯದಿಂದ ಹೇಳಿ. ಹೀಗೆ ಮುಂದೂಡಿದಾಗ ಮುಂದಿನ ದಿನಾಂಕ ಹೇಳಿ ನಿಮ್ಮಿಂದ ಸಹಿ ಹಾಕಿಸಿಕೊಂಡರೆ ಎಚ್ಚರ: ಆ ದಿನಕ್ಕೆ ಇನ್ನೊಂದು ಸಮನ್ಸ್ ಬರುವುದಿಲ್ಲ. ಸಮನ್ಸ್ ಬಂದಿಲ್ಲವೆಂದು ಮನೆಯಲ್ಲಿದ್ದವರಿಗೆ ನೇರ ವಾರಂಟ್ ಬಂದದ್ದುಂಟು.

ಕಟಕಟೆಯಲ್ಲಿ

ಮೊದಲು ಪ್ರಮಾಣ. ದೇವರ ಹೆಸರಿನಲ್ಲಿ ಮಾಡಬಹುದು, ಬೇಡವಾದರೆ ಸತ್ಯನಿಷ್ಠೆಯಿಂದ ಎಂದು ಹೇಳಬಹುದು. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಎರಡಕ್ಕೂ ಒಂದೇ ಬೆಲೆ. ಪುಸ್ತಕ ಮುಟ್ಟಿಸುವ ಶಾಸ್ತ್ರ ಸಿನಿಮಾದ್ದು. ಆಮೇಲೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಕಸುಬು, ವಾಸ.

ನಿಂತುಕೊಳ್ಳಲಾಗದಿದ್ದರೆ ಕುರ್ಚಿ ಕೇಳಿ. ಕಿವಿ ಮಂದವಾಗಿದ್ದರೆ ಮೊದಲೇ ಹೇಳಿ, ಅರ್ಧ ಕೇಳಿಸಿಕೊಂಡ ಪ್ರಶ್ನೆಗೆ ಉತ್ತರ ಕೊಡಬೇಡಿ. ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ, ಯಾವುದು ನಿಮಗೆ ಸಲೀಸೋ ಆ ಭಾಷೆಯಲ್ಲಿ ಹೇಳಲು ಕೇಳಿಕೊಳ್ಳಿ. ಗ್ರಾಂಥಿಕ ಕನ್ನಡ ಬೇಕಿಲ್ಲ, ಮನೆಯಲ್ಲಿ ಆಡುವ ಮಾತೇ ಸಾಕು. ನ್ಯಾಯಾಧೀಶರನ್ನು 'ಸ್ವಾಮಿ', 'ಸರ್', 'ಮೇಡಂ' ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮುಖ್ಯ ವಿಚಾರಣೆಯಲ್ಲಿ ಅಭಿಯೋಜಕರು ಕೇಳುತ್ತಾರೆ. ಉತ್ತರ ಪ್ರಶ್ನೆಯೊಳಗೇ ಇರುವಂಥ ಪ್ರಶ್ನೆಗಳನ್ನು ಅವರು ಸಾಮಾನ್ಯವಾಗಿ ಕೇಳುವಂತಿಲ್ಲ. ಹಾಗಾಗಿ 'ಏನಾಯಿತು ಹೇಳಿ' ಎಂದಾಗ ಮೊದಲಿನಿಂದ ಕೊನೆಯವರೆಗೆ ನೀವೇ ಹೇಳಬೇಕು. ಎರಡು ವಾಕ್ಯ ಹೇಳಿ ನಿಲ್ಲಿಸಿ, ಟೈಪಿಸ್ಟರ ಬೆರಳು ನಿಂತ ಮೇಲೆ ಮುಂದಿನ ಎರಡು ಹೇಳಿ. ತಲೆ ಅಲ್ಲಾಡಿಸಿದರೆ ಟೈಪಾಗುವುದಿಲ್ಲ. 'ಇಷ್ಟುದ್ದ ಇತ್ತು' ಎಂದು ಕೈ ಅಗಲಿಸಿದರೂ ಅಷ್ಟೇ, 'ಸುಮಾರು ಒಂದೂವರೆ ಅಡಿ' ಎಂದು ಬಾಯಲ್ಲಿ ಹೇಳಿ. ಆರೋಪಿಯನ್ನು ಗುರುತಿಸಿ ಎಂದಾಗ ಬರೀ ಬೆರಳು ತೋರಿಸದೆ, 'ಎಡದಿಂದ ಎರಡನೆಯವರು, ಇವರೇ ಕೋಲಿನಿಂದ ಹೊಡೆದವರು' ಎನ್ನಿ. ಹಲವು ಆರೋಪಿಗಳಿದ್ದಾಗ ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳದಿದ್ದರೆ ಗುರುತಿಸಿಯೂ ಪ್ರಯೋಜನವಾಗದು. ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ತೋರಿಸಿದರೆ ನಿಧಾನವಾಗಿ ನೋಡಿ. 'ಅದೇ ಮಚ್ಚು' ಮತ್ತು 'ಅಂಥದೇ ಮಚ್ಚು' ಬೇರೆ ಬೇರೆ ಮಾತು, ನಿಮಗೆ ಖಚಿತವಿರುವಷ್ಟನ್ನೇ ಹೇಳಿ.

ಪಾಟೀಸವಾಲು

ಆರೋಪಿಯ ವಕೀಲರ ಕೆಲಸವೇ ನಿಮ್ಮ ಮಾತನ್ನು ಪರೀಕ್ಷಿಸುವುದು. ಅವರು ನಿಮ್ಮ ಶತ್ರುವಲ್ಲ. ಇಲ್ಲಿ ಅವರು ಸೂಚಕ ಪ್ರಶ್ನೆ ಕೇಳಬಹುದು, ಉತ್ತರ ಅವರ ಪ್ರಶ್ನೆಯೊಳಗೇ ಇರುತ್ತದೆ. ಹಾಳೆಯ ಮೇಲೆ ಅದು '... ಎಂದರೆ ಸರಿ', '... ಎಂದರೆ ಸರಿಯಲ್ಲ' ಎಂಬ ರೂಪದಲ್ಲಿ ಕೂರುತ್ತದೆ. ಅದಕ್ಕೇ ಈ ಭಾಗದಲ್ಲಿ ಒಂದೊಂದು ಪದವೂ ಮುಖ್ಯ.

ಕನ್ನಡದಲ್ಲಿ ಅತಿ ದೊಡ್ಡ ಗುಂಡಿ ನಿಷೇಧದ ಪ್ರಶ್ನೆ. 'ನೀವು ಗಲಾಟೆ ನೋಡಲೇ ಇಲ್ಲ ಅಂದರೆ ಸರಿಯೇ?' ಎಂದು ಕೇಳುತ್ತಾರೆ. ನೀವು 'ಇಲ್ಲ' ಎನ್ನುತ್ತೀರಿ. ನಿಮ್ಮ ಮನಸ್ಸಿನಲ್ಲಿರುವುದು 'ಇಲ್ಲ, ಅದು ಸರಿಯಲ್ಲ, ನಾನು ನೋಡಿದ್ದೇನೆ'. ಕೇಳಿದವರಿಗೆ 'ಇಲ್ಲ, ನೋಡಿಲ್ಲ' ಎಂದೂ ಅರ್ಥವಾಗಬಹುದು. 'ಹೌದು' ಎಂದರೂ ಇದೇ ಗೊಂದಲ. ಇಂಥ ಪ್ರಶ್ನೆಗೆ ಹೌದು, ಇಲ್ಲ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ: 'ನಾನು ಗಲಾಟೆ ನೋಡಿದ್ದೇನೆ.'

ಎರಡು ಪ್ರಶ್ನೆಯನ್ನು ಒಂದರೊಳಗೆ ಹೆಣೆದು ಕೇಳುವುದೂ ಉಂಟು: 'ಆರೋಪಿ ನಿಮ್ಮ ಪಕ್ಕದ ಜಮೀನಿನವರು, ಅವರ ಮೇಲಿನ ದ್ವೇಷದಿಂದ ಸಾಕ್ಷಿ ಹೇಳುತ್ತಿದ್ದೀರಿ, ಸರಿಯೇ?' ಮೊದಲರ್ಧ ನಿಜವೆಂದು 'ಸರಿ' ಎಂದರೆ ಎರಡನೆಯ ಅರ್ಧವೂ ಅಂಟಿಕೊಂಡು ಹೋಗುತ್ತದೆ. ಬಿಡಿಸಿ ಉತ್ತರಿಸಿ: 'ಪಕ್ಕದ ಜಮೀನಿನವರು ಹೌದು. ದ್ವೇಷದಿಂದ ಹೇಳುತ್ತಿಲ್ಲ.'

'ನೋಡಿಲ್ಲ', 'ಗೊತ್ತಿಲ್ಲ', 'ನೆನಪಿಲ್ಲ' ಮೂರೂ ಬೇರೆ. ಕಣ್ಣೆದುರು ಆಗದ್ದು ನೋಡಿಲ್ಲ. ಆಯಿತೋ ಇಲ್ಲವೋ ತಿಳಿಯದ್ದು ಗೊತ್ತಿಲ್ಲ. ಕಂಡಿದ್ದರೂ ಈಗ ಮರೆತದ್ದು ನೆನಪಿಲ್ಲ. ಹಳ್ಳಿಯ ಕಡೆ ಎಲ್ಲದಕ್ಕೂ 'ಗೊತ್ತಿಲ್ಲ' ಎನ್ನುವ ರೂಢಿಯಿದೆ, ಹಾಳೆಯಲ್ಲಿ ಅದು ಸಾಕ್ಷಿಗೆ ಏನೂ ತಿಳಿಯದು ಎಂದು ಓದಿಸಿಕೊಳ್ಳುತ್ತದೆ.

ದೂರ, ಹೊತ್ತು, ಎಣಿಕೆ ಕೇಳಿದಾಗ ಊಹಿಸಿ ಖಚಿತ ಸಂಖ್ಯೆ ಕೊಡಬೇಡಿ. '20 ಅಡಿ' ಎಂದು ಬರೆಸಿ, ಮಹಜರಿನಲ್ಲಿ 60 ಅಡಿ ಎಂದಿದ್ದರೆ ನಿಮ್ಮ ಇಡೀ ಮಾತಿನ ಮೇಲೆ ನೆರಳು ಬೀಳುತ್ತದೆ. 'ಅಳತೆ ಮಾಡಿಲ್ಲ, ಈ ಕಟಕಟೆಯಿಂದ ಆ ಬಾಗಿಲಿನಷ್ಟು' ಎನ್ನುವುದು ಪ್ರಾಮಾಣಿಕ ಉತ್ತರ.

ಇನ್ನು ಠಾಣೆಯ ಹೇಳಿಕೆ. 'ಮಚ್ಚಿನ ವಿಷಯ ಪೊಲೀಸರಿಗೆ ಹೇಳಿರಲಿಲ್ಲ, ಈಗ ಮೊದಲ ಬಾರಿ ಹೇಳುತ್ತಿದ್ದೀರಿ' ಎನ್ನುತ್ತಾರೆ. ಸಾಕ್ಷ್ಯ ಅಧಿನಿಯಮದ ಕಲಂ 148ರ ಪ್ರಕಾರ, ಹಿಂದಿನ ಹೇಳಿಕೆಯ ಬರಹ ತೋರಿಸಿ ನಿಮ್ಮ ಮಾತಿನ ವಿರೋಧಾಭಾಸ ಸಾಬೀತುಪಡಿಸುವುದಾದರೆ ಆ ನಿರ್ದಿಷ್ಟ ಭಾಗದ ಕಡೆ ನಿಮ್ಮ ಗಮನ ಸೆಳೆಯಬೇಕು. ನೀವು ಹೇಳಿದ್ದು ನಿಜವಿದ್ದರೆ 'ಪೊಲೀಸರಿಗೆ ಹೇಳಿದ್ದೆ, ಅವರು ಯಾಕೆ ಬರೆದಿಲ್ಲವೋ ತಿಳಿಯದು' ಎನ್ನಿ. ಹೇಳಿರದಿದ್ದರೆ 'ಆಗ ಕೇಳಲಿಲ್ಲ, ಹೇಳಲಿಲ್ಲ' ಎಂದು ಒಪ್ಪಿಕೊಳ್ಳಿ. ಒಂದು ಬಿಟ್ಟುಹೋದ ಮಾತು ಸಾಕ್ಷ್ಯವನ್ನು ಕೆಡಿಸುವುದಕ್ಕಿಂತ ಅದನ್ನು ಮುಚ್ಚಲು ಹೇಳಿದ ಸುಳ್ಳು ಹೆಚ್ಚು ಕೆಡಿಸುತ್ತದೆ.

ಸಂಬಂಧಿಕರೆಂದು, ಒಂದೇ ಜಾತಿಯವರೆಂದು, ಗೆಳೆಯರೆಂದು ಚುಚ್ಚಿದರೆ ಸಂಬಂಧವನ್ನು ಮುಚ್ಚಿಡಬೇಡಿ. ಸಂಬಂಧಿ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಉತ್ತರ ಕೊಡುವಾಗ ಅಭಿಯೋಜಕರ ಮುಖ ನೋಡಬೇಡಿ. ನ್ಯಾಯಾಧೀಶರು ಸಾಕ್ಷಿಯ ನಡವಳಿಕೆಯನ್ನೂ ಬರೆದಿಡಬಹುದು. ಸಿಟ್ಟು ಬಂದರೆ ಒಂದು ಗುಟುಕು ನೀರು ಕುಡಿಯಿರಿ. ಅಸಭ್ಯ ಅಥವಾ ಬರೀ ಅವಮಾನಿಸಲೆಂದೇ ಕೇಳಿದ ಪ್ರಶ್ನೆಗಳನ್ನು ತಡೆಯುವ ಅಧಿಕಾರ ಸಾಕ್ಷ್ಯ ಅಧಿನಿಯಮದ ಕಲಂ 154 ಮತ್ತು 155ರಲ್ಲಿ ನ್ಯಾಯಾಧೀಶರಿಗಿದೆ. 'ಸ್ವಾಮಿ, ಇದಕ್ಕೂ ಉತ್ತರ ಹೇಳಬೇಕೇ?' ಎಂದು ಅವರನ್ನೇ ಕೇಳಿ. ಕೇಳಿದ ವಿಷಯಕ್ಕೆ ಸಂಬಂಧಿಸಿದ ಉತ್ತರ ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ತೋರಿಸುತ್ತದೆಂಬ ಕಾರಣಕ್ಕೆ ಹೇಳದೆ ಇರುವಂತಿಲ್ಲ. ಆದರೆ ಹಾಗೆ ಒತ್ತಾಯಕ್ಕೆ ಒಳಗಾಗಿ ಕೊಟ್ಟ ಉತ್ತರವನ್ನು, ಸುಳ್ಳು ಸಾಕ್ಷ್ಯದ ಪ್ರಕರಣ ಬಿಟ್ಟರೆ, ನಿಮ್ಮ ವಿರುದ್ಧ ಬಳಸುವಂತಿಲ್ಲ. ಅದೇ ಅಧಿನಿಯಮದ ಕಲಂ 137 ಈ ರಕ್ಷಣೆ ಕೊಡುತ್ತದೆ.

ಪಂಚರಾಗಿ ಸಹಿ ಹಾಕಿದವರು

ಮಹಜರಿಗೆ ಸಹಿ ಹಾಕಿದವರು ಕೋರ್ಟಿನಲ್ಲಿ 'ಠಾಣೆಗೆ ಕರೆದರು, ಸಹಿ ಹಾಕು ಅಂದರು, ಹಾಕಿದೆ' ಎನ್ನುವುದು ದಿನನಿತ್ಯದ ದೃಶ್ಯ. ಕೆಲವು ಸಲ ಅದೇ ನಿಜ. ಹಾಗಿದ್ದರೆ ಹಾಗೆಯೇ ಹೇಳಿ. ಆದರೆ ಸ್ಥಳಕ್ಕೆ ಹೋಗಿ, ವಸ್ತು ತೆಗೆದದ್ದನ್ನು ಕಂಡು ಸಹಿ ಹಾಕಿದ್ದರೆ, ಎಷ್ಟು ಹೊತ್ತಿಗೆ ಹೋದಿರಿ, ಯಾರು ತೋರಿಸಿದರು, ವಸ್ತು ಎಲ್ಲಿಂದ ಬಂತು, ಯಾವುದರಲ್ಲಿ ಕಟ್ಟಿ ಅರಗು ಹಾಕಿದರು, ಚೀಟಿಗೆ ಎಲ್ಲಿ ಸಹಿ ಹಾಕಿದಿರಿ ಎಂಬುದನ್ನು ನೆನಪಿಡಿ. ಈಗ ಶೋಧ, ಜಪ್ತಿಯನ್ನು ಕಲಂ 105ರಂತೆ ವಿಡಿಯೊ ಮಾಡಬೇಕು. ಅದರಲ್ಲಿ ನೀವಿದ್ದು, ಕಟಕಟೆಯಲ್ಲಿ ಹೋಗಿಯೇ ಇಲ್ಲ ಎಂದರೆ ಮಾತು ನಿಲ್ಲುವುದಿಲ್ಲ. ಓದದೆ ಸಹಿ ಹಾಕುವ ಅಭ್ಯಾಸ ಬಿಡುವುದು ಪಂಚರಿಗೆ ನಾವು ಕೊಡುವ ಮೊದಲ ಸಲಹೆ.

ಸಾಕ್ಷಿ ತನ್ನ ಪಕ್ಷಕ್ಕೆ ವಿರುದ್ಧವಾಗಿ ತಿರುಗಿದಾಗ ಅಭಿಯೋಜಕರು ಅನುಮತಿ ಪಡೆದು ತಾವೇ ಪಾಟೀಸವಾಲು ಮಾಡುತ್ತಾರೆ. 'ಪ್ರತಿಕೂಲ ಸಾಕ್ಷಿ' ಎನ್ನುವುದು ಇದಕ್ಕೇ. ಪ್ರತಿಕೂಲವಾದರೆ ಎಲ್ಲ ಮುಗಿಯಿತು ಎಂದೇನಿಲ್ಲ, ಆ ಸಾಕ್ಷ್ಯದಲ್ಲಿ ನಂಬಬಹುದಾದ ಭಾಗವನ್ನು ನ್ಯಾಯಾಲಯ ಉಳಿಸಿಕೊಳ್ಳಬಹುದು. ಗೊತ್ತಿದ್ದೂ ಸುಳ್ಳು ಹೇಳಿದರೆ ನ್ಯಾಯ ಸಂಹಿತೆಯ ಕಲಂ 229ರಲ್ಲಿ ಏಳು ವರ್ಷದವರೆಗೆ ಸಜೆ, 10,000 ರೂಪಾಯಿವರೆಗೆ ದಂಡ.

ಓದಿಸಿ, ಆಮೇಲೆ ಸಹಿ

ಎಲ್ಲ ಮುಗಿದ ಮೇಲೆ ಸಾಕ್ಷ್ಯವನ್ನು ನಿಮಗೆ ಓದಿ ಹೇಳಬೇಕು ಎಂದು ಕಲಂ 313 ಹೇಳುತ್ತದೆ. ಕೆಲಸದ ಒತ್ತಡದಲ್ಲಿ ಹಾಳೆ ನೇರವಾಗಿ ಸಹಿಗೆ ಬರುವುದುಂಟು. 'ಒಮ್ಮೆ ಓದಿಕೊಳ್ಳುತ್ತೇನೆ ಸ್ವಾಮಿ' ಎಂದು ಕೇಳಲು ಸಂಕೋಚ ಬೇಡ. ಅಕ್ಷರ ಬಾರದವರು ಓದಿ ಹೇಳಲು ಕೇಳಿ. ಮೂರು ಕಡೆ ವಿಶೇಷವಾಗಿ ಕಣ್ಣಾಡಿಸಿ: ಹೆಸರುಗಳು (ರಾಜಪ್ಪ ರಾಜಣ್ಣನಾಗಿರಬಹುದು), ಆರೋಪಿಗಳ ಕ್ರಮಸಂಖ್ಯೆ (1 ಮತ್ತು 3 ಅದಲುಬದಲಾಗಿರಬಹುದು), 'ಸರಿ' ಮತ್ತು 'ಸರಿಯಲ್ಲ'. ತಪ್ಪು ಕಂಡರೆ ಸಹಿಗೆ ಮುಂಚೆಯೇ ಹೇಳಿ. ನ್ಯಾಯಾಧೀಶರು ತಿದ್ದಿಸಬಹುದು, ಇಲ್ಲವೇ ನಿಮ್ಮ ಆಕ್ಷೇಪವನ್ನು ಟಿಪ್ಪಣಿಯಾಗಿ ಬರೆದಿಡಬಹುದು. ಮನೆಗೆ ಹೋದ ಮೇಲೆ ನೆನಪಾದ ತಪ್ಪಿಗೆ ಇಷ್ಟು ಸುಲಭದ ದಾರಿಯಿಲ್ಲ. ಹಾಗೆಂದು ಈಗ ಹೊಸ ಸಂಗತಿ ಸೇರಿಸಲು ಹೋಗಬೇಡಿ, ಇದು ಹೇಳಿದ್ದನ್ನು ಸರಿಯಾಗಿ ಬರೆದಿದೆಯೇ ಎಂದು ನೋಡುವ ಹಂತ ಮಾತ್ರ.

ಹೊರಡುವ ಮುಂಚೆ ಮೂರು ಕೆಲಸ. ಪಾಟೀಸವಾಲು ಮುಗಿಯಿತೇ, ಮತ್ತೆ ಬರಬೇಕೇ ಎಂದು ಕೇಳಿ. ಸಾಕ್ಷಿ ಭತ್ಯೆ (ಬ್ಯಾಟಾ) ಕೇಳಿ, ಕಲಂ 350 ಇದಕ್ಕೆ ಅವಕಾಶ ಕೊಟ್ಟಿದೆ. ಮೊತ್ತ ರಾಜ್ಯದ ನಿಯಮಗಳಂತೆ, ದೊಡ್ಡದೇನಲ್ಲ, ಆದರೆ ಅದು ನಿಮ್ಮ ಹಕ್ಕು. ನೌಕರಿಯಲ್ಲಿದ್ದರೆ ಹಾಜರಾತಿ ಪ್ರಮಾಣಪತ್ರ ಪಡೆಯಿರಿ. ಕಲಂ 348ರಂತೆ ಸಾಕ್ಷಿಯನ್ನು ಮತ್ತೆ ಕರೆಸುವ ಅಧಿಕಾರ ನ್ಯಾಯಾಲಯಕ್ಕಿರುವುದರಿಂದ ಮನೆ ಅಥವಾ ಫೋನ್ ನಂಬರು ಬದಲಾದರೆ ಅಭಿಯೋಜಕರ ಕಚೇರಿಗೆ ತಿಳಿಸಿ.

ಬೆದರಿಕೆ ಇದ್ದರೆ

ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸುವುದೇ ಪ್ರತ್ಯೇಕ ಅಪರಾಧ, ನ್ಯಾಯ ಸಂಹಿತೆಯ ಕಲಂ 232ರಲ್ಲಿ ಏಳು ವರ್ಷದವರೆಗೆ ಸಜೆಯಿದೆ. ಕರೆ ಬಂದ ನಂಬರು, ದಿನ, ಹೊತ್ತು, ಆಡಿದ ಮಾತು ಬರೆದಿಡಿ. 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 398 ಇಂಥ ಯೋಜನೆ ರೂಪಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹಾಕಿದೆ. 2018ರ ಯೋಜನೆಯಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರು ಅದರ ಸದಸ್ಯ ಕಾರ್ಯದರ್ಶಿ, ಅರ್ಜಿ ಅವರ ಮೂಲಕ ಹೋಗುತ್ತದೆ. ಡಿವೈಎಸ್‌ಪಿ ಅಥವಾ ಎಸಿಪಿ ಮಟ್ಟದ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ಕೋರ್ಟಿಗೆ ಬಂದುಹೋಗಲು ಪೊಲೀಸ್ ಬೆಂಗಾವಲು, ಮನೆಗೆ ಕ್ಯಾಮೆರಾ, ಮುಚ್ಚಿದ ಹಾಲಿನಲ್ಲಿ ವಿಚಾರಣೆ, ಗುರುತು ಮರೆಮಾಚುವುದು ಇವೆಲ್ಲ ಆ ಸಮಿತಿ ಕೊಡಬಹುದಾದ ರಕ್ಷಣೆಗಳು.

ಮಗು ಸಾಕ್ಷಿಯಾದರೆ ಪೋಕ್ಸೊ ಪ್ರಕರಣಗಳಲ್ಲಿ ವಕೀಲರು ನೇರ ಪ್ರಶ್ನೆ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವಿಗೆ ಆರೋಪಿ ಎದುರಾಗದಂತೆ ನೋಡಿಕೊಳ್ಳಬೇಕು. ಮಗು ನಂಬುವ ದೊಡ್ಡವರೊಬ್ಬರು ಜೊತೆಗಿರಬಹುದು. ಅವರು ಮಗುವಿಗೆ ಧೈರ್ಯ ಹೇಳಲಿ, ಉತ್ತರ ಹೇಳಿಕೊಡದಿರಲಿ.

ಸಿವಿಲ್ ದಾವೆಯಲ್ಲಿ

ಇಲ್ಲಿ ಮುಖ್ಯ ವಿಚಾರಣೆ ಪ್ರಮಾಣಪತ್ರದ (ಅಫಿಡವಿಟ್) ರೂಪದಲ್ಲಿ ಬರುತ್ತದೆ. ನಿಮ್ಮನ್ನು ಕರೆತಂದವರ ವಕೀಲರು ಅದನ್ನು ಸಿದ್ಧಪಡಿಸುತ್ತಾರೆ, ನೀವು ಸಹಿ ಹಾಕುತ್ತೀರಿ, ಪಾಟೀಸವಾಲು ಮಾತ್ರ ಬಾಯಿಮಾತಿನಲ್ಲಿ. ಹಾಗಾಗಿ ಮೊದಲ ಪ್ರಶ್ನೆಯೇ 'ಈ ಪ್ರಮಾಣಪತ್ರದಲ್ಲಿ ಏನು ಬರೆದಿದೆ?' ಎಂದಿರುತ್ತದೆ. ಓದದೆ ಸಹಿ ಹಾಕಿದವರು ಅಲ್ಲೇ ಎಡವುತ್ತಾರೆ. ಜಮೀನಿನ ದಾವೆಯಾದರೆ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಯಾರು ಉಳುತ್ತಿದ್ದಾರೆ, ಏನು ಬೆಳೆ ಎಂದು ಕೇಳಿಯೇ ಕೇಳುತ್ತಾರೆ. ಆ ಹೊಲ ನೋಡಿಯೇ ಇಲ್ಲದಿದ್ದರೆ ಸ್ವಾಧೀನದ ಬಗ್ಗೆ ಸಾಕ್ಷಿ ಹೇಳಲು ಒಪ್ಪಬೇಡಿ.

ಉಯಿಲಿಗೆ ಸಾಕ್ಷಿ ಹಾಕಿದವರ ಹೊಣೆ ದೊಡ್ಡದು. ಉಯಿಲು ಸಾಬೀತಾಗಲು, ಸಾಕ್ಷಿ ಹಾಕಿದವರು ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ, ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬರಬೇಕು. ಬರೆಸಿದವರು ಸಹಿ ಹಾಕಿದ್ದನ್ನು ಕಂಡಿರಾ, ಅವರೆದುರು ನೀವು ಸಹಿ ಹಾಕಿದಿರಾ, ಇನ್ನೊಬ್ಬ ಸಾಕ್ಷಿ ಹಾಕಿದರಾ, ಈ ಸಂಗತಿಗಳು ಸ್ಪಷ್ಟವಾಗಿ ಬರಬೇಕು. 'ನನ್ನ ಸಹಿ ಹೌದು' ಎಂದಷ್ಟೇ ಹೇಳಿ ಇಳಿದರೆ ಉಯಿಲು ಬೀಳಬಹುದು.

ಸಿವಿಲ್ ಸಮನ್ಸಿನ ಸಾಕ್ಷಿಯ ಖರ್ಚನ್ನು ಕರೆಸಿದ ಪಕ್ಷದವರೇ ಮುಂಚಿತವಾಗಿ ಕಟ್ಟಬೇಕು. ನ್ಯಾಯಾಲಯದ ವ್ಯಾಪ್ತಿಯ ಹೊರಗೆ, 100 ಕಿಲೋಮೀಟರಿಗಿಂತ ದೂರದಲ್ಲಿ ಇರುವವರನ್ನು ಖುದ್ದು ಬರಲು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. ದಾರಿಯ ಆರರಲ್ಲಿ ಐದು ಪಾಲಿಗೆ ರೈಲು ಅಥವಾ ಬಸ್ಸಿನ ಸೌಕರ್ಯವಿದ್ದರೆ ಈ ಮಿತಿ 500 ಕಿಲೋಮೀಟರು. ಹಾಸಿಗೆ ಹಿಡಿದವರ ಸಾಕ್ಷ್ಯ ಪಡೆಯಲು ನ್ಯಾಯಾಲಯ ಕಮಿಷನರನ್ನು ಮನೆಗೇ ಕಳಿಸಬಹುದು.

ಹೊರದೇಶದಲ್ಲಿರುವವರು ಅನುಮತಿ ಪಡೆದು ವಿಡಿಯೊ ಕಾನ್ಫರೆನ್ಸ್ ಮೂಲಕ ಹೇಳಬಹುದು. ಅಲ್ಲಿನ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಅಧಿಕಾರಿ ಸಮನ್ವಯ ಮಾಡುತ್ತಾರೆ. ಆ ಕೋಣೆಯಲ್ಲಿ ಹೇಳಿಕೊಡುವವರು ಇರಬಾರದು, ಮುಂದೆ ಟಿಪ್ಪಣಿ ಇರಬಾರದು. ನಿಮಗೆ ತೋರಿಸಬೇಕಾದ ದಾಖಲೆಗಳ ಪ್ರತಿ ಮೊದಲೇ ಆ ಕಚೇರಿಗೆ ತಲುಪಿದೆಯೇ ಎಂದು ಒಂದು ವಾರ ಮುಂಚೆ ವಕೀಲರ ಬಳಿ ವಿಚಾರಿಸಿ, ಭಾರತದ ಹೊತ್ತಿಗೂ ಅಲ್ಲಿನ ಹೊತ್ತಿಗೂ ಇರುವ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.